ಆರೋಗ್ಯ ವಿಮೆಯಲ್ಲಿ ಮುನ್ನೆಚ್ಚರಿಕೆಯ ತಪಾಸಣೆ

ಆರೋಗ್ಯ ವಿಮೆ ಎಂದೊಡನೆ ನೆನಪಿಗೆ ಬರುವುದು ಆಸ್ಪತ್ರೆಯ ಹಾಸಿಗೆ, ಶಸ್ತ್ರಚಿಕಿತ್ಸೆ ಮತ್ತು ಬಿಡುಗಡೆಯ ದಿನದ ಬಿಲ್ಲು. ನಮ್ಮ ದೇಶದಲ್ಲಿ ಈ ವಿಮೆ ರೂಪುಗೊಂಡ ಬಗೆಯೇ ಇದಕ್ಕೆ ಕಾರಣ. 1986ರಲ್ಲಿ ಸಾರ್ವಜನಿಕ ವಲಯದ ವಿಮಾ ಕಂಪೆನಿಗಳು ಆರಂಭಿಸಿದ ‘ಮೆಡಿಕ್ಲೈಮ್’ ಪಾಲಿಸಿಯು ಮುಖ್ಯವಾಗಿ ಒಳರೋಗಿಯ ವೆಚ್ಚವನ್ನು ಭರಿಸುವ ಉದ್ದೇಶದ್ದಾಗಿತ್ತು. ಆದರೂ ಅಂಥ ಪಾಲಿಸಿಗಳಲ್ಲಿ ಬಹುಕಾಲ ಒಂದು ಸಣ್ಣ ಸೌಲಭ್ಯವಿತ್ತು. ಸತತ ನಾಲ್ಕು ವರ್ಷ ಯಾವ ಕ್ಲೇಮನ್ನೂ ಸಲ್ಲಿಸದ ವಿಮಾದಾರರಿಗೆ, ಸರಾಸರಿ ವಿಮಾ ಮೊತ್ತದ ಶೇಕಡಾ 1ರ ಮಿತಿಯೊಳಗೆ ಆರೋಗ್ಯ ತಪಾಸಣೆಯ ಖರ್ಚನ್ನು ಮರಳಿಸಲಾಗುತ್ತಿತ್ತು. ಒಂದು ಲಕ್ಷ ರೂಪಾಯಿಗಳ ಪಾಲಿಸಿಗೆ ಅದು ಒಂದು ಸಾವಿರ ರೂಪಾಯಿ. ಅದನ್ನು ಕೇಳಿ ಪಡೆಯಬಹುದೆಂಬುದೇ ಹಲವರಿಗೆ ತಿಳಿದಿರಲಿಲ್ಲ.

ಇಂದು ಅನೇಕ ಪಾಲಿಸಿಗಳು ವರ್ಷಕ್ಕೊಮ್ಮೆ ಅಥವಾ ನಿಗದಿತ ಅವಧಿಗೊಮ್ಮೆ ತಪಾಸಣೆಯನ್ನು ಒದಗಿಸುತ್ತವೆ. ಆದರೆ ಇದು ಎಲ್ಲ ಪಾಲಿಸಿಗಳಲ್ಲಿಯೂ ತಾನಾಗಿಯೇ ಸೇರಿರುವುದಿಲ್ಲ. ಪಾಲಿಸಿ ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿದ್ದಲ್ಲಿ ಮಾತ್ರ ದೊರೆಯುತ್ತದೆ. ಕೇವಲ ಪರೀಕ್ಷೆಗಳಿಗಾಗಿ ಆಸ್ಪತ್ರೆಯಲ್ಲಿ ದಾಖಲಾಗಿ, ಆ ವೆಚ್ಚವನ್ನು ಒಳರೋಗಿಯ ಚಿಕಿತ್ಸೆಯೆಂದು ಕೇಳಿದರೆ ಕಂಪೆನಿಯು ಅದನ್ನು ತಿರಸ್ಕರಿಸಬಹುದು. ಪಾಲಿಸಿಯೊಡನೆ ನೀಡಲಾಗುವ ಗ್ರಾಹಕ ಮಾಹಿತಿ ಪತ್ರವನ್ನು, ಬಯಸಿದಲ್ಲಿ, ಸ್ಥಳೀಯ ಭಾಷೆಯಲ್ಲಿಯೂ ಪಡೆಯಬಹುದು. ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಕಂಡು ಪತ್ರವನ್ನು ಪೆಟ್ಟಿಗೆಗೆ ಸೇರಿಸುವುದಕ್ಕಿಂತ ಇದು ಮೇಲು.

ಸೌಲಭ್ಯವಿದ್ದರೂ ತಪಾಸಣೆಗೆ ಹೋಗದವರಿದ್ದಾರೆ. ಬಿಡುವಿಲ್ಲವೆಂಬುದು ಹೊರಗೆ ಹೇಳುವ ಕಾರಣ. ಒಳಗಿನ ಅಳುಕು ಬೇರೆ: ‘ಕಾಯಿಲೆ ಪತ್ತೆಯಾದರೆ ಪಾಲಿಸಿಯೇ ಕೈತಪ್ಪಿತು.’ ಈ ಭಯಕ್ಕೆ ಆಧಾರವಿದೆಯೇ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಪುಣೆಯಲ್ಲಿ ನೆಲೆಸಿರುವ 46 ವರ್ಷದ ಗುಮಾಸ್ತರೊಬ್ಬರು ಪಾಲಿಸಿ ಪಡೆದರೆಂದು ಭಾವಿಸೋಣ. ಅರ್ಜಿ ತುಂಬುವಾಗ ಅವರಿಗೆ ಯಾವ ಕಾಯಿಲೆಯೂ ಪತ್ತೆಯಾಗಿರಲಿಲ್ಲ. ಎರಡನೆಯ ವರ್ಷದ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 150 ಮಿಲಿಗ್ರಾಂ ಬಂದಿತು. ಮತ್ತೊಮ್ಮೆ ಪರೀಕ್ಷಿಸಿದಾಗಲೂ 126ರ ಮಿತಿಯನ್ನು ಮೀರಿದ್ದರಿಂದ ಮಧುಮೇಹ ಖಚಿತವಾಯಿತು. ಇದು ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ’ ಆಗುವುದಿಲ್ಲ. ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಮಾಡಿದ್ದ, ಅಥವಾ ಸಲಹೆ ಇಲ್ಲವೆ ಚಿಕಿತ್ಸೆ ಸೂಚಿಸಿದ್ದ ಕಾಯಿಲೆಗೆ ಮಾತ್ರ ಆ ಹೆಸರು. ಕ್ಲೇಮು ಸಲ್ಲಿಸಿದರೆಂಬ ಕಾರಣದಿಂದ ಕಂಪೆನಿಯು ನವೀಕರಣವನ್ನು ನಿರಾಕರಿಸುವಂತಿಲ್ಲ.

ಇದೇ ಗುಮಾಸ್ತರು ಮಧುಮೇಹವಿರುವುದನ್ನು ತಿಳಿದೂ ಅರ್ಜಿಯಲ್ಲಿ ಮುಚ್ಚಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ಕ್ಲೇಮಿನ ತಿರಸ್ಕಾರಕ್ಕೆ, ಪಾಲಿಸಿಯ ರದ್ದತಿಗೂ, ಎಡೆಯಾಗುತ್ತದೆ. ತಿಳಿಸಿದ್ದರೆ ಗರಿಷ್ಠ 36 ತಿಂಗಳು ಕಾಯಬೇಕಾಗುತ್ತಿತ್ತು, ಅಷ್ಟೆ. 2024ರ ಏಪ್ರಿಲ್‌ಗೆ ಮೊದಲು ಈ ಮಿತಿ 48 ತಿಂಗಳಿತ್ತು. ವಿಮಾ ಮೊತ್ತವನ್ನು ಹೆಚ್ಚಿಸುವಾಗ ಕಂಪೆನಿಯು ಆರೋಗ್ಯದ ಸ್ಥಿತಿಯನ್ನು ಹೊಸದಾಗಿ ಪರಿಶೀಲಿಸಬಹುದು. ಆದುದರಿಂದ ಹೆಚ್ಚಿನ ಮೊತ್ತ ಬೇಕೆನ್ನುವವರು ಆರೋಗ್ಯ ಚೆನ್ನಾಗಿರುವಾಗಲೇ ಅದನ್ನು ನಿರ್ಧರಿಸುವುದು ಒಳಿತು.

ಬೇಗ ಪತ್ತೆಯಾಗುವುದರ ಬೆಲೆಯನ್ನು ವಿಮೆಯ ಲೆಕ್ಕದಿಂದಷ್ಟೇ ಅಳೆಯಲಾಗದು. ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ವರ್ಷಗಟ್ಟಲೆ ನೋವನ್ನೇ ಕೊಡದೆ ಮೂತ್ರಪಿಂಡ, ಕಣ್ಣು ಹಾಗೂ ಹೃದಯವನ್ನು ಕೆಡಿಸಬಲ್ಲವು. ಮಾತ್ರೆ ಮತ್ತು ಪಥ್ಯದಲ್ಲಿ ಹತೋಟಿಗೆ ಬರಬಹುದಾಗಿದ್ದ ಕಾಯಿಲೆಯು ಡಯಾಲಿಸಿಸ್‌ಗೆ ತಲುಪಿದ ನಂತರ ಎಚ್ಚೆತ್ತುಕೊಂಡರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಪಾಲಿಸಿಯಲ್ಲಿ ತಪಾಸಣೆಯ ಸೌಲಭ್ಯ ಇಲ್ಲದವರಿಗೂ ದಾರಿಯಿದೆ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ತಮ್ಮ, ಪತಿ ಅಥವಾ ಪತ್ನಿಯ, ಅವಲಂಬಿತ ಮಕ್ಕಳ ಮತ್ತು ತಂದೆ ತಾಯಿಯರ ತಪಾಸಣೆಗೆ ಮಾಡಿದ ವೆಚ್ಚದಲ್ಲಿ ಒಟ್ಟು 5,000 ರೂಪಾಯಿಗಳವರೆಗೆ ಕಡಿತ ಪಡೆಯಬಹುದು. ಇದು ಆರೋಗ್ಯ ವಿಮಾ ಕಂತಿಗೆ ಇರುವ ಮಿತಿಯೊಳಗೇ ಸೇರುತ್ತದೆ, ಅದಕ್ಕೆ ಹೆಚ್ಚುವರಿಯಲ್ಲ. ಕಂತನ್ನು ನಗದಾಗಿ ಕಟ್ಟಿದರೆ ರಿಯಾಯಿತಿಯಿಲ್ಲ. ತಪಾಸಣೆಯ ಹಣವನ್ನು ನಗದಾಗಿ ಕೊಟ್ಟರೂ ಆದೀತು. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯು ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಒದಗಿಸುತ್ತದೆಯಾದರೂ ಹೊರರೋಗಿ ತಪಾಸಣೆ ಅದರಲ್ಲಿ ಸೇರಿಲ್ಲ. ಅದಕ್ಕಾಗಿ ಆಯುಷ್ಮಾನ್ ಆರೋಗ್ಯ ಮಂದಿರಗಳಿವೆ. ಅಲ್ಲಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ, ಮಧುಮೇಹ ಮತ್ತು ಬಾಯಿಯ ಕ್ಯಾನ್ಸರಿನ ತಪಾಸಣೆಯನ್ನೂ, ಮಹಿಳೆಯರಿಗೆ ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯನ್ನೂ ಉಚಿತವಾಗಿ ಮಾಡಲಾಗುತ್ತದೆ.

ಪಾಲಿಸಿಯಲ್ಲಿ ನಮೂದಾಗಿರುವ ತಪಾಸಣೆಯನ್ನು ಕಂಪೆನಿಯು ಕಾರಣವಿಲ್ಲದೆ ನಿರಾಕರಿಸಿದಲ್ಲಿ ಮೊದಲು ಅದಕ್ಕೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ವಿಮಾ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಬೆಂಗಳೂರಿನಲ್ಲಿರುವಂತೆಯೇ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಮತ್ತು ದೆಹಲಿಗಳಲ್ಲಿಯೂ ಅವರ ಕಚೇರಿಗಳಿವೆ.