ಹಾಡಿನ ಸ್ಪರ್ಧೆ ನಮ್ಮನ್ನು ಹಿಡಿದು ಕೂರಿಸುವುದು ಹೇಗೆ?

ಪರೀಕ್ಷೆ ಹತ್ತಿರ ಬಂದರೂ ಟಿವಿಯ ಹಾಡಿನ ಸ್ಪರ್ಧೆ ಬಿಡದವರು ನಮ್ಮ ಕಾಲೇಜಿನಲ್ಲಿ ನಾನೊಬ್ಬಳೇ ಅಲ್ಲ. ಸೋಮವಾರ ಬೆಳಿಗ್ಗೆ ಕೆಜಿಎಫ್‌–ಬಂಗಾರಪೇಟೆ ಬಸ್ಸಿನಲ್ಲಿ ಕಿವಿಗೊಟ್ಟರೆ ಸಾಕು, ಯಾರು ಉಳಿದರು, ಯಾರು ಹೊರಹೋದರು ಎಂಬುದೇ ಮಾತು. ಉಪನ್ಯಾಸಕರು ಕೇಳಿದರೆ ಮಾತ್ರ ಯಾರೂ ಒಪ್ಪಿಕೊಳ್ಳುವುದಿಲ್ಲ!

ನಮ್ಮ ದೇಶದಲ್ಲಿ ಈ ಹುಚ್ಚು ಹಬ್ಬಿಸಿದ್ದು ಜೀ ಟಿವಿಯಲ್ಲಿ 1995ರಲ್ಲಿ ಆರಂಭವಾದ ‘ಸರೆಗಮ’. ಆಗ ಅದರ ನಿರೂಪಕ ಸೋನು ನಿಗಮ್. ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟರು. ಜೀ ಕನ್ನಡದ ‘ಸರಿಗಮಪ’ ಎಲ್ಲರಿಗೂ ಗೊತ್ತು. 2001ರಲ್ಲಿ ಬ್ರಿಟನ್ನಿನ ‘ಪಾಪ್ ಐಡಲ್’, 2004ರಲ್ಲಿ ‘ಇಂಡಿಯನ್ ಐಡಲ್’ ಬಂದವು. ಇವುಗಳಲ್ಲಿ ಗೆಲ್ಲಿಸುವ ಅಧಿಕಾರ ವೀಕ್ಷಕರ ಮತಕ್ಕೆ ಸಿಕ್ಕಿತು. ಮತ ಹಾಕಿದವನು ಫಲಿತಾಂಶ ಬರುವ ತನಕ ಏಳುವುದಿಲ್ಲ. ಅದಕ್ಕೇ ಹಾಡಿನ ಮೊದಲು ಸ್ಪರ್ಧಿಯ ಬಡತನದ ಕಥೆ, ತೀರ್ಪಿನ ಮೊದಲು ಡ್ರಮ್ ಸದ್ದು, ಸರಿಯಾಗಿ ಆ ಹೊತ್ತಿಗೆ ಜಾಹೀರಾತು. ಆಯ್ದ ಮನೆಗಳ ಮೀಟರ್‌ಗಳಿಂದ ಟಿಆರ್‌ಪಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಅಂದರೆ ಅಲ್ಲಿ ಮಾರಾಟವಾಗುತ್ತಿರುವುದು ನಾವು ಕೂತ ಹೊತ್ತು.

ಇಷ್ಟು ತಿಳಿದ ಮೇಲೂ ನಾವೇಕೆ ಕೂರುತ್ತೇವೆ? 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲನ್ನೇ ನಂಬಿದೆ. ನಮ್ಮ ಅಬ್ಬಾ ಕೂಡ ಬೆಳಕು ಹರಿಯುವ ಮುನ್ನ ಹೊರಟು ರಾತ್ರಿ ಬರುವವರು. ಎಲ್ಲರೂ ಒಟ್ಟಿಗೆ ಕೂರುವುದು ವಾರದ ಕೊನೆಯಲ್ಲಿ ಮಾತ್ರ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ. ಪಕ್ಕದ ಮನೆಯ ಆಂಟಿ ತಮಿಳಿನ ‘ಸೂಪರ್ ಸಿಂಗರ್’ ಹಾಕಿದರೂ ನಮ್ಮ ನಾನಿಗೆ ಶ್ರುತಿ ತಪ್ಪಿದ್ದು ತಿಳಿಯುತ್ತದೆ. ಇಶಾ ಅಜಾನ್ ಕೇಳಿದ ಕೂಡಲೇ ಟಿವಿ ಸದ್ದಡಗುತ್ತದೆ, ನಮಾಜಿನ ನಂತರ ಮತ್ತೆ ಚರ್ಚೆ.

ಆ ಚರ್ಚೆ ಒಮ್ಮೊಮ್ಮೆ ಮನೆಯೊಳಕ್ಕೇ ಬರುತ್ತದೆ. 2017ರಲ್ಲಿ ಶಿವಮೊಗ್ಗ ಜಿಲ್ಲೆಯ ಸುಹಾನಾ ಸಯ್ಯದ್ ಹಿಜಾಬ್ ಧರಿಸಿ ‘ಸರಿಗಮಪ’ ವೇದಿಕೆಯಲ್ಲಿ ಹಿಂದೂ ಭಕ್ತಿಗೀತೆ ಹಾಡಿದರು. ಫೇಸ್‌ಬುಕ್‌ನಲ್ಲಿ ಕೆಲವರು ಬೈದರು, ಬಹಳ ಜನ ಬೆಂಬಲಕ್ಕೆ ನಿಂತರು. ಆ ವಿಡಿಯೊ ಈಚೆಗೆ ನಮ್ಮ ಮನೆಯಲ್ಲಿ ನೋಡಿದಾಗ ಮಾತು ತಂಗಿಯ ಕಡೆ ತಿರುಗಿತು. ಅವಳು ಮದುವೆ ಮನೆಗಳಲ್ಲಿ ಹೆಂಗಸರ ನಡುವೆ ಚೆನ್ನಾಗಿ ನಾತ್ ಓದುತ್ತಾಳೆ. ವೇದಿಕೆ ಬೇಡ ಎಂದರು ಮಾಮು. ಮೊದಲು ಕಲಿಯಲಿ ಎಂದರು ಅಮ್ಮಿ. ಸಂಗೀತದ ವಿಚಾರದಲ್ಲಿ ನಮ್ಮ ಹಿರಿಯರಿಗೆ ಒಂದೇ ಅಭಿಪ್ರಾಯವಿಲ್ಲ. ಕೊನೆಗೆ ನಾನಿ, “ಅವಳನ್ನು ಯಾರಾದರೂ ಕೇಳಿದಿರಾ?” ಎಂದರು. ತಂಗಿ ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಅದೇ ಮೊದಲು.

ಹಾಗಾದರೆ ಓದಿನ ಗತಿ? ‘ಸರೆಗಮ’ದ ಮಕ್ಕಳ ಸ್ಪರ್ಧೆಯಲ್ಲಿ ಗೆದ್ದ ಶ್ರೇಯಾ ಘೋಷಾಲ್ ‘ದೇವದಾಸ್’ ಚಿತ್ರಕ್ಕೆ ಹಾಡುವಾಗ ನಮ್ಮ ವಯಸ್ಸಿನವರು. ಪರೀಕ್ಷೆ ಹತ್ತಿರವಿದ್ದುದರಿಂದ ಸ್ಟುಡಿಯೊಗೆ ಪುಸ್ತಕ ಒಯ್ಯುತ್ತಿದ್ದರು. ನಮಗೂ ಒಂದು ದಾರಿಯಿದೆ. ನಿಯಮದಂತೆ ವಾಹಿನಿಗಳು ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ತೋರಿಸಬಹುದು. ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ 18 ನಿಮಿಷ. ಆ ಹೊತ್ತಿಗೆ ನಾನು ಭೌತಶಾಸ್ತ್ರದ ಎರಡು ಲೆಕ್ಕ ಮಾಡುತ್ತೇನೆ. ನೀವೂ ಮಾಡಿ ನೋಡಿ.