ಕ್ಯಾನ್ಸರ್ ಔಷಧದ ಖರ್ಚು: ನೆರವು ಎಲ್ಲಿ, ಹೇಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿಹೋಗಿದ್ದಾರೆ. ಮದುವೆ, ಮುಂಜಿ, ಮನೆ ಕಟ್ಟಿಸುವುದು ಇವೆಲ್ಲಕ್ಕೂ ಈ ಮಾತು ಸಲ್ಲುತ್ತದೆ. ಆದರೆ ರೋಗವು ಹಾಸಿಗೆಯ ಅಳತೆ ನೋಡಿಕೊಂಡು ಬರುವುದಿಲ್ಲ. ಅದರಲ್ಲಿಯೂ ಕ್ಯಾನ್ಸರ್ ಬಂದ ಮನೆಯಲ್ಲಿ ಒಂದು ತಿಂಗಳ ಸಂಬಳವು ಒಂದೇ ಒಂದು ಚುಚ್ಚುಮದ್ದಿಗೆ ಸಾಲದೆ ಹೋಗುವುದುಂಟು. ಮೊದಲು ಬ್ಯಾಂಕಿನ ಠೇವಣಿ ಕರಗುತ್ತದೆ, ಅನಂತರ ಹೆಂಗಸರ ಕೈಬಳೆ ಹೋಗುತ್ತದೆ, ಕೊನೆಗೆ ಊರಿನ ಜಮೀನಿಗೆ ಗಿರಾಕಿಯನ್ನು ಹುಡುಕುವ ಹೊತ್ತು ಬರುತ್ತದೆ. ಇನ್ನು ಕೆಲವರು ಹಣ ಮುಗಿಯಿತೆಂದು ಔಷಧವನ್ನು ಅರ್ಧದಲ್ಲಿಯೇ ನಿಲ್ಲಿಸುತ್ತಾರೆ. ಜಮೀನು ಹೋದರೆ ಎಂದಾದರೂ ಮರಳಿ ಕೊಳ್ಳಬಹುದು. ಅರ್ಧಕ್ಕೆ ನಿಂತ ಔಷಧದಿಂದಾಗುವ ನಷ್ಟವನ್ನು ತುಂಬಿಕೊಳ್ಳುವುದು ಹೇಗೆ?

ಹೊರನಾಡಿನಲ್ಲಿರುವ ನಮಗೆ ಈ ವಿಷಯವು ದೂರದ್ದಲ್ಲ. ಮುಂಬಯಿಯಲ್ಲಿ ಮನೆ ಮಾಡಿದ ಕನ್ನಡಿಗನ ಬಾಗಿಲಿಗೆ ವಿಜಾಪುರದಿಂದಲೋ ಕಾರವಾರದಿಂದಲೋ ನೆಂಟರು ರೋಗಿಯನ್ನು ಕರೆದುಕೊಂಡು ಬಂದು, "ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ನಿಮಗೆ ಗುರುತಿನವರು ಯಾರಾದರೂ ಇದ್ದಾರೆಯೆ?" ಎಂದು ಕೇಳುವುದು ಹಳೆಯ ಮಾತು. ಗುರುತಿನವರಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ದಾರಿಯ ತಿಳಿವಳಿಕೆ. ನೆರವು ಇದೆ, ಒಂದಲ್ಲ, ಹಲವು ಕಡೆ ಇದೆ. ಆದರೆ ಅದು ತಾನಾಗಿ ಮನೆ ಹುಡುಕಿಕೊಂಡು ಬರುವುದಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬಂತೆ ನಾವು ಕೇಳಬೇಕು, ಹಣ ತೆರುವ ಮುನ್ನವೇ ಕೇಳಬೇಕು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಮುಖ್ಯವಾಗಿ ಇಷ್ಟೇ.

ಬೆಲೆ ಇಳಿದ ಕಥೆ

ಮೊದಲಿಗೆ ಒಂದು ಧೈರ್ಯದ ಮಾತು. ಔಷಧದ ಬೆಲೆಯೇನೂ ಬ್ರಹ್ಮಲಿಖಿತವಲ್ಲ. ಅದು ಇಳಿದದ್ದುಂಟು, ಇಳಿಸಿದವರೂ ಉಂಟು.

ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಇಮ್ಯಾಟಿನಿಬ್ ಎಂಬ ಮಾತ್ರೆಯಿದೆ. ನೋವಾರ್ಟಿಸ್ ಕಂಪನಿಯು ಇದನ್ನು ಗ್ಲೀವೆಕ್ ಎಂಬ ಹೆಸರಿನಿಂದ ಮಾರುತ್ತಿದ್ದಾಗ ತಿಂಗಳಿಗೆ ಸುಮಾರು ೧,೨೦,೦೦೦ ರೂಪಾಯಿ ಬೀಳುತ್ತಿತ್ತು. ನಮ್ಮ ದೇಶದ ಕಂಪನಿಗಳು ತಯಾರಿಸಿದ ಅದೇ ಮಾತ್ರೆ ಸುಮಾರು ೮,೦೦೦ ರೂಪಾಯಿಗೆ ಸಿಕ್ಕುತ್ತಿತ್ತು. ಪೇಟೆಂಟ್, ಅಂದರೆ ಇತರರು ತಯಾರಿಸದಂತೆ ತಡೆಯುವ ಹಕ್ಕು, ನೋವಾರ್ಟಿಸಿಗೆ ದೊರೆತಿದ್ದರೆ ಈ ಅಗ್ಗದ ಮಾತ್ರೆ ನಿಂತೇ ಹೋಗುತ್ತಿತ್ತು. ಮುಂಬಯಿಯಲ್ಲಿ ೧೯೬೯ರಲ್ಲಿ ಹುಟ್ಟಿದ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಎಂಬ ರೋಗಿಗಳ ಸಹಾಯಕ ಸಂಸ್ಥೆಯು ಇದಕ್ಕೆ ಅಡ್ಡ ನಿಂತಿತು. ಚೆನ್ನೈಯ ಪೇಟೆಂಟ್ ಕಚೇರಿಯು ೨೦೦೬ರಲ್ಲಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ವ್ಯಾಜ್ಯವು ಏರುತ್ತ ಏರುತ್ತ ದೆಹಲಿಗೆ ಹೋಗಿ, ೨೦೧೩ರ ಏಪ್ರಿಲ್ ೧ರಂದು ಸುಪ್ರೀಂ ಕೋರ್ಟು ಪೇಟೆಂಟನ್ನು ನಿರಾಕರಿಸಿ ತೀರ್ಪಿತ್ತಿತು.

ಅದಕ್ಕೂ ಒಂದು ವರ್ಷ ಮೊದಲು, ೨೦೧೨ರ ಮಾರ್ಚಿಯಲ್ಲಿ, ಇನ್ನೊಂದು ಸಂಗತಿ ನಡೆಯಿತು. ಯಕೃತ್ತು ಮತ್ತು ಮೂತ್ರಪಿಂಡಗಳ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಮಾತ್ರೆಗೆ ಬೇಯರ್ ಕಂಪನಿಯ ಬೆಲೆ ತಿಂಗಳಿಗೆ ೨,೮೦,೦೦೦ ರೂಪಾಯಿಗೂ ಮಿಕ್ಕಿತ್ತು. ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಸರಕಾರವು ಕಡ್ಡಾಯ ಪರವಾನಗಿಯನ್ನು ಕೊಟ್ಟು, ೮,೮೮೦ ರೂಪಾಯಿ ಮೀರದಂತೆ ಮಾರಬೇಕೆಂದು ವಿಧಿಸಿತು. ಭಾರತದಲ್ಲಿ ಇಂಥ ಪರವಾನಗಿ ಅದೇ ಮೊದಲನೆಯದು. ಸ್ತನ ಕ್ಯಾನ್ಸರಿಗೆ ಬೇಕಾಗುವ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದಿಗೆ ಸಮಾನವಾದುದನ್ನು ನಮ್ಮ ಬೆಂಗಳೂರಿನ ಬಯೋಕಾನ್ ೨೦೧೪ರಲ್ಲಿ ಮಾರುಕಟ್ಟೆಗೆ ತಂದಿತು. ೨೦೧೯ರ ಫೆಬ್ರವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರವು ೪೨ ಕ್ಯಾನ್ಸರ್ ಔಷಧಗಳ ವ್ಯಾಪಾರದ ಲಾಭಾಂಶವು ನೂರಕ್ಕೆ ಮೂವತ್ತನ್ನು ಮೀರಕೂಡದೆಂದು ಕಟ್ಟು ಹಾಕಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಔಷಧಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ನೂರಕ್ಕೆ ಹನ್ನೆರಡರಿಂದ ಐದಕ್ಕೆ ಇಳಿಯಿತು. ಕೆಲವು ಜೀವರಕ್ಷಕ ಔಷಧಗಳ ಮೇಲೆ ಪೂರ್ತಿಯಾಗಿ ಹೋಯಿತು.

ಆದುದರಿಂದ ಅಂಗಡಿಯವನು ಹೇಳಿದ ಮೊದಲ ಬೆಲೆಯನ್ನು ಕೇಳಿ ಎದೆಗುಂದಬೇಕಾಗಿಲ್ಲ.

ವೈದ್ಯರಲ್ಲಿ ಕೇಳಬೇಕಾದ ಮಾತು

ವೈದ್ಯರೆದುರು ಹಣದ ಮಾತೆತ್ತುವುದು ಮರ್ಯಾದೆಯಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ಸಂಕೋಚ ತರವಲ್ಲ. ರೋಗಿಯ ಶಕ್ತಿ ಎಷ್ಟೆಂದು ತಿಳಿಯದೆ ವೈದ್ಯರಾದರೂ ದಾರಿ ಆರಿಸುವುದು ಹೇಗೆ? ಮೊದಲ ಭೇಟಿಯಲ್ಲಿಯೇ ನಾಲ್ಕು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಬೇಕು. ಈ ಔಷಧವನ್ನು ಬೇರೆ ಕಂಪನಿಯವರು ಕಡಿಮೆ ಬೆಲೆಗೆ ತಯಾರಿಸುತ್ತಾರೆಯೆ? ಇದೇ ಫಲ ಕೊಡುವ ಬೇರೆ ಚಿಕಿತ್ಸೆಯಿದೆಯೆ? ಒಟ್ಟು ಎಷ್ಟು ತಿಂಗಳು, ಎಷ್ಟು ಖರ್ಚು? ಇದರಿಂದ ರೋಗ ಗುಣವಾಗುವುದೆ, ಇಲ್ಲವೆ ಕೆಲವು ತಿಂಗಳು ಆಯುಷ್ಯ ಹೆಚ್ಚುವುದೆ? ಕೊನೆಯ ಪ್ರಶ್ನೆ ಕಠಿಣವಾದುದು. ಆದರೆ ಜಮೀನು ಮಾರುವ ಮುನ್ನ ಉತ್ತರ ತಿಳಿದಿರಲೇಬೇಕು.

ಕಡಿಮೆ ಖರ್ಚಿನ ದಾರಿಯೆಂದರೆ ಕೀಳು ದಾರಿಯೆಂದು ಭಾವಿಸಬಾರದು. ನಿವೊಲುಮ್ಯಾಬ್ ಎಂಬುದು ಬಹು ದುಬಾರಿಯಾದ ಚುಚ್ಚುಮದ್ದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮುಂದುವರಿದ ರೋಗಿಗಳಿಗೆ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇದನ್ನು ರೂಢಿಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ, ಅಂದರೆ ಪ್ರತಿ ಸಲ ೨೦ ಮಿಲಿಗ್ರಾಮಿನಂತೆ, ಇತರ ಅಗ್ಗದ ಮಾತ್ರೆಗಳೊಡನೆ ಕೊಟ್ಟು ನೋಡಿದರು. ಬರಿಯ ಮಾತ್ರೆ ಪಡೆದವರಲ್ಲಿ ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ ೧೬. ಚುಚ್ಚುಮದ್ದನ್ನೂ ಪಡೆದವರಲ್ಲಿ ನೂರಕ್ಕೆ ೪೩. ಈ ಫಲಿತಾಂಶ ೨೦೨೨ರಲ್ಲಿ ಪ್ರಕಟವಾಯಿತು. ಆದರೆ ಇದು ಪರೀಕ್ಷಿಸಿ ನೋಡಿದ ವೈದ್ಯರ ಲೆಕ್ಕ. ಮನೆಯಲ್ಲಿ ಕುಳಿತು ನಾವೇ ಮಾತ್ರೆಯನ್ನು ಅರ್ಧ ಮುರಿಯುವುದಾಗಲಿ, ದಿನ ಬಿಟ್ಟು ದಿನ ನುಂಗುವುದಾಗಲಿ ಖಂಡಿತ ಕೂಡದು.

ಆಸ್ಪತ್ರೆಯೊಳಗಿನ ಒಂದು ಬಾಗಿಲು

ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಲೇಡಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ೧೯೩೧ರಲ್ಲಿ ತೀರಿಕೊಂಡರು. ಮುಂದೆ ಟಾಟಾ ಧರ್ಮನಿಧಿಯವರು ೧೯೪೧ರಲ್ಲಿ ಪರೇಲಿನ ಆಸ್ಪತ್ರೆಯನ್ನು ತೆರೆದರು. ಅಲ್ಲಿ ಹೆಸರು ದಾಖಲು ಮಾಡಿಸುವಾಗ 'ಜನರಲ್' ಮತ್ತು 'ಪ್ರೈವೇಟ್' ಎಂದು ವಿಭಾಗಗಳಿವೆ. ಸರತಿಯ ಸಾಲು ಬೇಡವೆಂದು ಕೆಲವರು ಅವಸರದಲ್ಲಿ ಪ್ರೈವೇಟ್ ಎಂದು ಬರೆಸುತ್ತಾರೆ. ರಿಯಾಯಿತಿಗಳ ಹಾಗೂ ಸಹಾಯ ನಿಧಿಗಳ ದಾರಿ ಬಹುಮಟ್ಟಿಗೆ ಜನರಲ್ ವಿಭಾಗದ ಮೂಲಕವೇ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಪ್ರತಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೂ ವೈದ್ಯಕೀಯ ಸಮಾಜ ಕಾರ್ಯಕರ್ತರ ವಿಭಾಗವೊಂದಿರುತ್ತದೆ. ರೋಗಿಗಳ ಬಂಧುಗಳು ಕೊನೆಗೆ ತಟ್ಟುವ ಬಾಗಿಲು ಇದು. ಮೊದಲು ತಟ್ಟಬೇಕಾದದ್ದೂ ಇದೇ. ಯಾವ ಧರ್ಮನಿಧಿಯಲ್ಲಿ ಹಣವಿದೆ, ಯಾವ ಯೋಜನೆಗೆ ರೋಗಿ ಅರ್ಹ, ಯಾವ ಕಾಗದ ಬೇಕು ಎಂಬುದು ಇವರಿಗೆ ತಿಳಿದಿರುತ್ತದೆ. ಹಲವು ಧರ್ಮಸಂಸ್ಥೆಗಳು ಇವರ ಶಿಫಾರಸು ಇಲ್ಲದೆ ಅರ್ಜಿಯನ್ನೇ ಮುಟ್ಟುವುದಿಲ್ಲ.

ಔಷಧವನ್ನು ಆಸ್ಪತ್ರೆಯ ಮಳಿಗೆಯಲ್ಲಿ ವಿಚಾರಿಸುವುದೂ ಇಷ್ಟೇ ಮುಖ್ಯ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ೪೦ ಔಷಧಗಳನ್ನು ಒಟ್ಟಾಗಿ ಖರೀದಿಸಿದಾಗ ಬೆಲೆಯಲ್ಲಿ ನೂರಕ್ಕೆ ೨೩ರಿಂದ ೯೯ರವರೆಗೆ ಉಳಿತಾಯವಾಯಿತು. ಒಟ್ಟು ಉಳಿದ ಹಣ ೧,೩೨೦ ಕೋಟಿ ರೂಪಾಯಿ. ಒಂದೇ ಔಷಧಕ್ಕೆ ಹೊರಗಿನ ಬೆಲೆ, ಒಳಗಿನ ಬೆಲೆ ಎಷ್ಟು ಬೇರೆಯಾಗಬಹುದೆಂಬುದಕ್ಕೆ ಇದೇ ಸಾಕ್ಷಿ. ಸರಕಾರದ ಅಮೃತ್ ಮಳಿಗೆಗಳಲ್ಲಿಯೂ ಜನೌಷಧಿ ಕೇಂದ್ರಗಳಲ್ಲಿಯೂ ಕೆಲವು ಕ್ಯಾನ್ಸರ್ ಔಷಧಗಳು ಅಗ್ಗವಾಗಿ ದೊರೆಯುತ್ತವೆ.

ಸರಕಾರಿ ಯೋಜನೆ ಮತ್ತು ಹೊರನಾಡಿಗನ ತೊಡಕು

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯು ೨೦೧೮ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಉಚಿತ. ೨೦೨೪ರ ಅಕ್ಟೋಬರ್ ೨೯ರಿಂದ ೭೦ ವರ್ಷ ತುಂಬಿದ ಎಲ್ಲ ಹಿರಿಯರಿಗೂ ಆದಾಯದ ಲೆಕ್ಕವಿಲ್ಲದೆ ಇದನ್ನು ವಿಸ್ತರಿಸಲಾಯಿತು. ಮನೆಯಲ್ಲಿ ಆ ವಯಸ್ಸಿನ ತಂದೆತಾಯಿಗಳಿದ್ದರೆ ಆಧಾರ್ ತೋರಿಸಿ ಈ ಕಾರ್ಡನ್ನು ಇಂದೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಬೆಂಕಿ ಬಿದ್ದಾಗ ಬಾವಿ ತೋಡಬಾರದಷ್ಟೆ?

ಇನ್ನು ರಾಜ್ಯಗಳ ಯೋಜನೆಗಳು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿದೆ. ರಾಜ್ಯದ ಎಲ್ಲ ಕುಟುಂಬಗಳಿಗೂ ಅದನ್ನು ವಿಸ್ತರಿಸುವ ನಿರ್ಣಯ ೨೦೨೩ರಲ್ಲಿ ಆಯಿತು. ತೆಲಂಗಾಣದ ಆರೋಗ್ಯಶ್ರೀಯ ಮಿತಿಯನ್ನು ೨೦೨೩ರ ಡಿಸೆಂಬರಿನಲ್ಲಿ ೧೦ ಲಕ್ಷಕ್ಕೆ ಏರಿಸಿದರು. ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ವಿಮಾ ಯೋಜನೆಯಿದೆ. ದೆಹಲಿಯು ೨೦೨೫ರ ಏಪ್ರಿಲಿನಲ್ಲಿ ಆಯುಷ್ಮಾನ್ ಭಾರತಕ್ಕೆ ಸೇರಿತು. ಕರ್ನಾಟಕದಲ್ಲಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ'ವಿದೆ.

ಹೊರನಾಡಿಗನ ತೊಡಕು ಇಲ್ಲಿಯೇ ಇದೆ. ರಾಜ್ಯದ ಯೋಜನೆಗೆ ಆ ರಾಜ್ಯದ ಪಡಿತರ ಚೀಟಿಯನ್ನೋ ವಾಸದ ಪ್ರಮಾಣಪತ್ರವನ್ನೋ ಕೇಳುತ್ತಾರೆ. ಇಪ್ಪತ್ತು ವರ್ಷಗಳಿಂದ ಠಾಣೆಯಲ್ಲಿದ್ದರೂ ಹೆಸರು ಇನ್ನೂ ಊರಿನ ಚೀಟಿಯಲ್ಲಿಯೇ ಇರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ನಿಲ್ಲುತ್ತಾರೆ. ಆರೋಗ್ಯವಾಗಿರುವಾಗಲೇ ಹೆಸರನ್ನು ಒಂದು ಕಡೆ ನಿಲ್ಲಿಸಿಕೊಳ್ಳಬೇಕು. ಊರಿನಿಂದ ಬರುವ ನೆಂಟರಿಗೆ ಕೇಂದ್ರದ ಆಯುಷ್ಮಾನ್ ಕಾರ್ಡಿದ್ದರೆ ಪರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ನಡೆಯುತ್ತದೆ. ಹೊರಡುವ ಮುನ್ನ ೧೪೫೫೫ ಸಂಖ್ಯೆಗೆ ಫೋನು ಮಾಡಿ, ಆ ಆಸ್ಪತ್ರೆಯೂ ಆ ಚಿಕಿತ್ಸೆಯೂ ಪಟ್ಟಿಯಲ್ಲಿವೆಯೆ ಎಂದು ವಿಚಾರಿಸಿಕೊಳ್ಳಲಿ. ಇಲ್ಲದವರಿಗೆ ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೇ ಹೆಚ್ಚು ಅನುಕೂಲವಾದೀತು. ದೂರದ ಆಸ್ಪತ್ರೆಯೇ ದೊಡ್ಡದೆಂಬ ಭ್ರಮೆ ಬೇಡ.

ಇವಲ್ಲದೆ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿಗಳ ನಿಧಿ, ಬಡತನ ರೇಖೆಯ ಕೆಳಗಿನವರಿಗಾಗಿ ರಾಷ್ಟ್ರೀಯ ಆರೋಗ್ಯ ನಿಧಿ ಇವೆ. ರಾಷ್ಟ್ರೀಯ ಆರೋಗ್ಯ ನಿಧಿಯು ಆಗಿಹೋದ ಖರ್ಚನ್ನು ಹಿಂದಿರುಗಿಸುವುದಿಲ್ಲ. ಸಾಲ ಮಾಡಿ ಹಣ ಕಟ್ಟಿ, ಆಮೇಲೆ ಅರ್ಜಿ ಹಾಕಿದರೆ ಫಲವಿಲ್ಲವೆಂದರ್ಥ. ಇ.ಎಸ್.ಐ. ಕಾರ್ಡುಳ್ಳ ಹೋಟೆಲು, ಕಾರ್ಖಾನೆಗಳ ನೌಕರರು ಆ ಹಕ್ಕನ್ನು ಮರೆಯಬಾರದು. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ, ಇನ್ನು ಹತ್ತನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಕೊಡಬೇಕೆಂಬ ಕಟ್ಟಳೆಯಿದೆ. ಆದಾಯದ ಪ್ರಮಾಣಪತ್ರ ಹಿಡಿದು ಕೇಳಿದವರಿಗೆ ಇದು ಸಿಕ್ಕುತ್ತದೆ.

ಧರ್ಮಸಂಸ್ಥೆಗಳು, ಕಂಪನಿಗಳು

೧೯೫೧ರಲ್ಲಿ ಸ್ಥಾಪಿತವಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿಯು ಗುಣವಾಗುವ ಸಂಭವ ಹೆಚ್ಚಾಗಿರುವ ಬಡರೋಗಿಗಳಿಗೆ ಕ್ಯಾನ್ಸರ್ ಕ್ಯೂರ್ ಫಂಡ್ ಮೂಲಕ ನೆರವು ಕೊಡುತ್ತದೆ. ಮೇಲೆ ಹೇಳಿದ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಔಷಧದ ಖರ್ಚಿಗೆ ಸಹಾಯ ಮಾಡುತ್ತದೆ. ಹೊಸ ಔಷಧಗಳನ್ನು ಮಾರುವ ಕಂಪನಿಗಳೂ ರೋಗಿ ಸಹಾಯ ಕಾರ್ಯಕ್ರಮಗಳನ್ನು ನಡೆಸುತ್ತವೆ: ಇಷ್ಟು ಚುಚ್ಚುಮದ್ದು ಕೊಂಡರೆ ಮುಂದಿನವು ಉಚಿತ ಎಂಬ ಬಗೆಯವು ಕೆಲವು, ಪೂರ್ತಿ ಉಚಿತವಾದವು ಕೆಲವು. ೨೦೨೫ರ ಕೇಂದ್ರ ಮುಂಗಡಪತ್ರದಲ್ಲಿ ಇಂಥ ೧೩ ಹೊಸ ಕಾರ್ಯಕ್ರಮಗಳ ಔಷಧಗಳಿಗೆ ಆಮದು ಸುಂಕವನ್ನು ಬಿಟ್ಟುಕೊಡಲಾಯಿತು. ಇವುಗಳಿಗೆ ವೈದ್ಯರ ಮೂಲಕವೇ ಹೆಸರು ಹೋಗಬೇಕು, ಆದಷ್ಟೂ ಮೊದಲ ಖರೀದಿಗೆ ಮುನ್ನವೇ ಹೋಗಬೇಕು. ಚಿಕಿತ್ಸೆಗೆ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲ್ವೆಯ ರಿಯಾಯಿತಿಯಿದೆ. ಅಲ್ಲಿ ಉಳಿದ ನಾಲ್ಕು ಕಾಸು ಔಷಧಕ್ಕಾಯಿತು.

ಕಾಗದಪತ್ರ ಮತ್ತು ಎಚ್ಚರ

ಒಂದು ಫೈಲು ಮಾಡಿ ಅದರಲ್ಲಿ ಬಯಾಪ್ಸಿ ವರದಿ, ವೈದ್ಯರ ಚೀಟಿ, ಆಸ್ಪತ್ರೆಯವರು ಸಹಿ ಮೊಹರು ಹಾಕಿ ಕೊಟ್ಟ ಖರ್ಚಿನ ಅಂದಾಜುಪಟ್ಟಿ, ಆಧಾರ್, ಪಡಿತರ ಚೀಟಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಎಲ್ಲ ಬಿಲ್ಲುಗಳು ಇವನ್ನು ಜೋಡಿಸಿಡಬೇಕು. ಪ್ರತಿಯೊಂದರ ನಾಲ್ಕಾರು ಪ್ರತಿಗಳಿರಲಿ. ಒಂದೇ ನಿಧಿಯು ಪೂರ್ತಿ ಖರ್ಚು ಕೊಡುವುದು ಅಪರೂಪ; ಎರಡು ಮೂರು ಕಡೆಯಿಂದ ಸೇರಿದಾಗ ಹೊರೆ ಹಗುರಾಗುತ್ತದೆ.

ಅಗ್ಗದ ಆಸೆಗೆ ಅಡ್ಡದಾರಿ ಹಿಡಿಯಬಾರದು. ದುಬಾರಿ ಚುಚ್ಚುಮದ್ದಿನ ಖಾಲಿ ಸೀಸೆಗಳಲ್ಲಿ ಬೇರೇನನ್ನೋ ತುಂಬಿ ಮಾರುತ್ತಿದ್ದ ಜಾಲವೊಂದನ್ನು ದೆಹಲಿ ಪೊಲೀಸರು ೨೦೨೪ರ ಮಾರ್ಚಿಯಲ್ಲಿ ಹಿಡಿದರು. ಬಿಲ್ಲು ಕೊಡದವನಿಂದ ಔಷಧ ಕೊಳ್ಳಕೂಡದು. ಬಿಲ್ಲಿನಲ್ಲಿಯೂ ಸೀಸೆಯ ಮೇಲೆಯೂ ಬ್ಯಾಚ್ ಸಂಖ್ಯೆ ಒಂದೇ ಆಗಿದೆಯೆ ಎಂದು ನೋಡಬೇಕು. ನೆರವು ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವ ಮಧ್ಯಸ್ಥರಿಂದಲೂ ದೂರವಿರಬೇಕು. ನಿಜವಾದ ಧರ್ಮಸಂಸ್ಥೆಯು ಬಹುಮಟ್ಟಿಗೆ ಆಸ್ಪತ್ರೆಯ ಹೆಸರಿಗೇ ಹಣ ಕಳುಹಿಸುತ್ತದೆ.

ನಮ್ಮ ಸಂಘಗಳು ಮಾಡಬಹುದಾದುದು

ಹಳ್ಳಿಯಿಂದ ಬಂದ ನೆಂಟರಿಗೆ ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಸಮಾಜ ಕಾರ್ಯಕರ್ತರ ಮೇಜಿನ ಮುಂದೆ ಅವರು ಹೇಳಬೇಕಾದುದನ್ನು ಹೇಳಲಾರದೆ ಹಿಂದಿರುಗುತ್ತಾರೆ. ಇಲ್ಲಿ ಕನ್ನಡ ಸಂಘದ ಸದಸ್ಯರೊಬ್ಬರು ಅರ್ಧ ದಿನ ಜೊತೆಗೆ ನಿಂತರೆ ಅದು ಸಾವಿರ ರೂಪಾಯಿ ದಾನಕ್ಕಿಂತ ಹೆಚ್ಚಿನದು. ನಿವೃತ್ತರಾದ ಹಿರಿಯರಿಗೆ ಬಿಡುವಿದೆ, ಅರ್ಜಿ ಬರೆಯುವ ಕೈಯೂ ಪಳಗಿದೆ. ತರುಣರಿಗೆ ಓಡಾಡುವ ಕಾಲಿದೆ. ಪ್ರತಿ ಸಂಘವೂ ಇಂಥ ನಾಲ್ಕು ಜನರ ಹೆಸರನ್ನು ಗೊತ್ತು ಮಾಡಿ, ತಮ್ಮ ನಗರದ ಆಸ್ಪತ್ರೆ, ನಿಧಿ, ಯೋಜನೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದಿ ಕಚೇರಿಯಲ್ಲಿಡಲಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಾಚಕ ಬಂಧುಗಳನ್ನು ನಾವು ಪ್ರಾರ್ಥಿಸುತ್ತೇವೆ.