ಮಸ್ಕಿಯ ಬಂಡೆಯೂ ಮನೆಯ ಲ್ಯಾಪ್‌ಟಾಪೂ

ಮನೆ ಬದಲಿಸುವ ಕಷ್ಟವನ್ನು ಅರಿಯದ ಗೃಹಸ್ಥರು ವಿರಳ. ಪಾತ್ರೆ ಪಡಗ, ಹಾಸಿಗೆ ಹೊದಿಕೆ, ದೇವರ ಪೆಟ್ಟಿಗೆ ಎಲ್ಲವನ್ನೂ ಗಾಡಿಗೇರಿಸಿ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಹೊತ್ತಿಗೆ ಒಂದಲ್ಲ ಒಂದು ವಸ್ತು ಕಾಣೆಯಾಗಿರುತ್ತದೆ. ಈಗಿನ ಸಂಸಾರಗಳಿಗೆ ಇದೇ ತೆರನಾದ ಇನ್ನೊಂದು ಸ್ಥಳಾಂತರವೂ ಒದಗಿಬಂದಿದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಭರ್ತಿಯಾಗುತ್ತದೆ. ಅದನ್ನು ತೆಗೆದು ದೊಡ್ಡದೊಂದನ್ನು ಹಾಕಬೇಕಾಗುತ್ತದೆ. ಹಳೆಯದರಲ್ಲಿರುವ ಸಮಸ್ತವೂ ಕೂದಲೆಳೆಯಷ್ಟೂ ಕೊಂಕದೆ ಹೊಸದಕ್ಕೆ ಬರಬೇಕು.

ಸಿಂಧನೂರಿನ ಛಾಯಾಚಿತ್ರಕಾರರಿಗೆ ಹತ್ತಾರು ವರ್ಷಗಳ ಮದುವೆಯ ಚಿತ್ರಗಳು ಅದರಲ್ಲಿರುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿದ ಅಕ್ಕಿ ಗಿರಣಿಯವರಿಗೆ ವ್ಯಾಪಾರದ ಲೆಕ್ಕವಿರುತ್ತದೆ. ಲಿಂಗಸುಗೂರಿನ ಉಪಾಧ್ಯಾಯರಿಗೆ ಪಾಠದ ಟಿಪ್ಪಣಿಗಳಿರುತ್ತವೆ. ಕಳೆದುಹೋದ ಪಾತ್ರೆಯನ್ನು ಸಂತೆಯಲ್ಲಿ ಮತ್ತೆ ಕೊಳ್ಳಬಹುದು. ಗತಿಸಿದ ತಾಯಿಯ ಧ್ವನಿಯನ್ನು ಯಾವ ಸಂತೆಯಲ್ಲಿ ಕೊಳ್ಳುವುದು?

ಎರಡು ಸಾವಿರ ವರ್ಷದ ಪ್ರತಿಗಳು

ಬರಹವನ್ನು ಬಹುಕಾಲ ಉಳಿಸುವ ವಿದ್ಯೆಗೆ ಈ ಸೀಮೆಯಲ್ಲಿಯೇ ಒಂದು ಪುರಾತನ ನಿದರ್ಶನವಿದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆ ಸಿಗುವ ಮಸ್ಕಿಯ ಗುಡ್ಡದಲ್ಲಿ, ಚಿನ್ನದ ಗಣಿಗಾರಿಕೆಯ ಇಂಜಿನಿಯರ್ ಸಿ. ಬೀಡನ್ ಎಂಬವರು 1915ರಲ್ಲಿ ಒಂದು ಶಾಸನವನ್ನು ಕಂಡರು. ಅದು ಪ್ರಾಕೃತ ಭಾಷೆಯದು, ಬ್ರಾಹ್ಮೀ ಲಿಪಿಯದು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಕಾಣುತ್ತಿದ್ದ ಕಾಲದಲ್ಲಿ, ಆ ಬಿರುದಿನೊಡನೆ ‘ಅಶೋಕ’ ಎಂಬ ಹೆಸರನ್ನೂ ಮಸ್ಕಿಯ ಬಂಡೆ ನುಡಿಯಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಪ್ರಕಟಿಸಿದರು.

ಈ ಶಾಸನದ ಸಾಲುಗಳು ಅಲ್ಲಲ್ಲಿ ಸವೆದಿವೆ. ಆದರೂ ವಿದ್ವಾಂಸರು ಅದನ್ನು ಓದಲು ಶಕ್ತರಾದರು. ಏಕೆಂದರೆ ಚಕ್ರವರ್ತಿಯು ಅದೇ ಸಂದೇಶವನ್ನು ಒಂದೇ ಕಲ್ಲಿನ ಮೇಲೆ ಬರೆಯಿಸಿ ಸುಮ್ಮನಾಗಲಿಲ್ಲ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ, ಕೊಪ್ಪಳದ ಗವಿಮಠದಲ್ಲಿ, ದೂರದ ರೂಪನಾಥ, ಸಹಸರಾಮಗಳಲ್ಲಿ ಅದರ ಪ್ರತಿಗಳಿದ್ದವು. ಒಂದರಲ್ಲಿ ಅಳಿದುದನ್ನು ಇನ್ನೊಂದರ ನೆರವಿನಿಂದ ತುಂಬಿಕೊಳ್ಳಬಹುದಾಯಿತು. ಡಿಸ್ಕ್ ಬದಲಿಸಲು ಹೊರಟವರು ಮೊದಲು ಕಲಿಯಬೇಕಾದ ಪಾಠ ಇದೇ: ಕೆಲಸಕ್ಕೆ ಕೈ ಹಚ್ಚುವ ಮುನ್ನ, ಬೆಲೆಯುಳ್ಳ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಪೆಟ್ಟಿಗೆಯೊಳಗೆ ಏನಿದೆ?

ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದಿತು. 24 ಅಂಗುಲ ಅಗಲದ 50 ತಟ್ಟೆಗಳಿದ್ದ ಆ ದೈತ್ಯ ಯಂತ್ರ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲಿನ ಒಂದೆರಡು ಛಾಯಾಚಿತ್ರಗಳಿಗೇ ಅದು ಸಾಲದು. ಈಗ ಅಂಗೈಯಗಲದ ಡಿಸ್ಕ್ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತವೆ, ಕಾಂತದ ಗುರುತುಗಳಾಗಿ ಬರಹ ಉಳಿಯುತ್ತದೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯದರಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲವೂ ಚಿಪ್ಪುಗಳಲ್ಲಿ. ಅದು ಬಲು ಚುರುಕು, ಕುಲುಕಿದರೆ ಬೆದರುವುದೂ ಕಡಿಮೆ.

ಕೊಳ್ಳುವ ಮುನ್ನ ತಮ್ಮ ಲ್ಯಾಪ್‌ಟಾಪಿಗೆ ಯಾವುದು ಹೊಂದುವುದೆಂದು ವಿಚಾರಿಸಿಕೊಳ್ಳಬೇಕು. ಹಳೆಯ ಯಂತ್ರಗಳಿಗೆ ಎರಡೂವರೆ ಅಂಗುಲದ್ದು ಬೇಕು. ಹೊಸವಕ್ಕೆ ಪಟ್ಟಿಯಂತಿರುವ ಎಂ.2 ಮಾದರಿಯದು. ಕೆಲವು ತೆಳು ಯಂತ್ರಗಳಲ್ಲಿ ಚಿಪ್ಪುಗಳನ್ನು ಮುಖ್ಯ ಹಲಗೆಗೇ ಬೆಸೆದಿರುತ್ತಾರೆ. ಅಲ್ಲಿ ಬದಲಾವಣೆಯ ಮಾತೇ ಇಲ್ಲ. 1 ಟಿಬಿ ಎಂದು ಕೊಂಡದ್ದು ಪರದೆಯ ಮೇಲೆ 931 ಎಂದು ತೋರಿದರೆ ಅಂಗಡಿಯವರ ಮೇಲೆ ಮುನಿಯಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಇರುವುದು ಅಷ್ಟೇ ವ್ಯತ್ಯಾಸ.

ಸ್ಥಳಾಂತರದ ಕ್ರಮ

ಕಡತಗಳನ್ನಷ್ಟೇ ನಕಲಿಸಿ, ಉಳಿದುದನ್ನು ಹೊಸದಾಗಿ ಸ್ಥಾಪಿಸುವುದು ಒಂದು ಮಾರ್ಗ. ಇಡೀ ಡಿಸ್ಕಿನ ತದ್ರೂಪನ್ನು ತೆಗೆಯುವುದು ಇನ್ನೊಂದು; ಇದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ಕಡತಗಳನ್ನು ಮಾತ್ರ ಎಳೆದು ಹಾಕಿದರೆ ಯಂತ್ರ ಚಾಲೂ ಆಗದು. ಅದನ್ನು ಎಬ್ಬಿಸುವ ವಿಭಾಗವು ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ಕ್ಲೋನಿಂಗ್ ಅದನ್ನೂ ಹೊತ್ತು ತರುತ್ತದೆ. ಕ್ಲೋನ್‌ಜಿಲ್ಲಾದಂತಹ ಉಚಿತ ತಂತ್ರಾಂಶಗಳು ಈ ಕೆಲಸಕ್ಕೆ ಇವೆ.

ಹೊಸ ಡಿಸ್ಕನ್ನು ಯುಎಸ್‌ಬಿ ತಂತಿಯುಳ್ಳ ಕವಚದಲ್ಲಿ ಕೂರಿಸಿ ಲ್ಯಾಪ್‌ಟಾಪಿಗೆ ಜೋಡಿಸಬೇಕು. ತಂತ್ರಾಂಶವು ‘ಎಲ್ಲಿಂದ, ಎಲ್ಲಿಗೆ?’ ಎಂದು ಕೇಳುವ ಗಳಿಗೆಯೇ ಅತ್ಯಂತ ಅಪಾಯದ್ದು. ಎರಡನ್ನೂ ಅದಲುಬದಲು ಮಾಡಿದರೆ ಖಾಲಿ ಡಿಸ್ಕಿನ ಪ್ರತಿಯು ತುಂಬಿದ ಡಿಸ್ಕಿನ ಮೇಲೆ ಕುಳಿತು, ವರ್ಷಗಳ ಸಂಗ್ರಹ ನಿಮಿಷಗಳಲ್ಲಿ ಅಳಿಯುತ್ತದೆ. ಡಿಸ್ಕಿನ ಗಾತ್ರವನ್ನೂ ತಯಾರಕರ ಹೆಸರನ್ನೂ ಎರಡು ಬಾರಿ ಓದಿ, ಸಾಧ್ಯವಾದರೆ ಮನೆಯ ಇನ್ನೊಬ್ಬರಿಂದಲೂ ಓದಿಸಿ, ಬಳಿಕವೇ ಒಪ್ಪಿಗೆಯ ಗುಂಡಿಯನ್ನು ಒತ್ತುವುದು ಜಾಣತನ.

ತಾಳ್ಮೆಯೂ ಬೇಕು. ಸೆಕೆಂಡಿಗೆ 100 ಎಂಬಿಯಂತೆ ಸಾಗಿದರೆ 500 ಜಿಬಿಗೆ ಸುಮಾರು 83 ನಿಮಿಷ. ಹಳೆಯ ಯುಎಸ್‌ಬಿ 2ರಲ್ಲಿ ನಾಲ್ಕು ಗಂಟೆಗೂ ಮೀರಬಹುದು. ನಡುವೆ ಕರೆಂಟು ಹೋದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದುದರಿಂದ ಬ್ಯಾಟರಿ ಪೂರ್ಣವಾಗಿ ತುಂಬಿರಲಿ, ಚಾರ್ಜರ್ ಜೋಡಿಸಿಯೇ ಇರಲಿ, ನಿದ್ರೆಗೆ ಜಾರುವ ಅಭ್ಯಾಸವನ್ನು ಯಂತ್ರಕ್ಕೆ ತಾತ್ಕಾಲಿಕವಾಗಿ ಬಿಡಿಸಿರಲಿ. ರಾಯಚೂರು ಸೀಮೆಯ ಬೇಸಗೆಯಲ್ಲಿ ನಡುಹಗಲಿನ ಬದಲು ಮುಂಜಾನೆಯ ತಂಪುಹೊತ್ತೇ ಯಂತ್ರಕ್ಕೂ ಹಿತ. ಹಳೆಯ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಈ ಸಾಹಸ ಬೇಡ. ಅದನ್ನು ಕೂಡಲೇ ನಿಲ್ಲಿಸಿ ಬಲ್ಲವರ ಬಳಿಗೆ ಒಯ್ಯಬೇಕು.

ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ತದ್ರೂಪು ಸಿದ್ಧವಾದ ಮೇಲೆ ಹೊಸದನ್ನು ಒಳಗಿಟ್ಟು, ಮೊದಲ ಬಾರಿ ಹಳೆಯದನ್ನು ಜೋಡಿಸದೆಯೇ ಚಾಲೂ ಮಾಡಬೇಕು. ಡಿಸ್ಕ್ ದೊಡ್ಡದಾದರೂ ಜಾಗ ಮೊದಲಿನಷ್ಟೇ ತೋರಿದರೆ ಗಾಬರಿಯಾಗಬೇಡಿ. ದೊಡ್ಡ ಹೊಲ ಕೊಂಡರೂ ಬದು ಹಳೆಯ ಅಳತೆಯಲ್ಲಿಯೇ ಇದ್ದಂತೆ ಅದು. ಡಿಸ್ಕ್ ನಿರ್ವಹಣೆಯ ಸಾಧನದಲ್ಲಿ ವಿಭಾಗವನ್ನು ವಿಸ್ತರಿಸಿದರೆ ಉಳಿದ ಜಾಗವೂ ಕೈಗೆ ಬರುತ್ತದೆ.

ಓದಲಾಗದ ಬರಹ

ಇಷ್ಟೆಲ್ಲ ಸುಸೂತ್ರವಾಗಿ ನಡೆದರೂ ಕನ್ನಡಿಗರಿಗೆ ಒಂದು ವಿಶೇಷ ತೊಡಕುಂಟು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಕಡತಗಳು ಬಹಳ ಮನೆಗಳಲ್ಲಿ, ಕಚೇರಿಗಳಲ್ಲಿ ಇವೆ. ಯಂತ್ರದ ದೃಷ್ಟಿಯಲ್ಲಿ ಅವು ಕನ್ನಡವಲ್ಲ. ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ತೊಡಿಸಿದವು. ಹೊಸ ವ್ಯವಸ್ಥೆಯಲ್ಲಿ ಆ ಅಕ್ಷರವಿನ್ಯಾಸ ಇಲ್ಲದಿದ್ದರೆ ಅಜ್ಜನ ಆತ್ಮಕಥೆಯು ಅರ್ಥವಿಲ್ಲದ ಗೀಟುಗಳ ರಾಶಿಯಾಗಿ ಎದುರು ನಿಲ್ಲುತ್ತದೆ. ಒಂದು ಅಕ್ಷರವೂ ನಷ್ಟವಾಗಿಲ್ಲ, ಒಂದು ಅಕ್ಷರವನ್ನೂ ಓದಲಾಗದು!

ಬ್ರಾಹ್ಮೀ ಲಿಪಿಗೂ ಇದೇ ಗತಿ ಬಂದಿತ್ತು. ಬಂಡೆಗಳು ಉಳಿದಿದ್ದವು, ಬರಹ ಉಳಿದಿತ್ತು, ಓದಬಲ್ಲವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವವರೆಗೆ ಶತಮಾನಗಳ ಕಾಲ ಚಕ್ರವರ್ತಿಯ ಮಾತು ಮೂಕವಾಗಿತ್ತು. ನಮ್ಮ ಕಡತಗಳಿಗೆ ಅಷ್ಟು ಕಾಲ ಕಾಯುವ ವ್ಯವಧಾನವಿಲ್ಲ. ಹಳೆಯ ಯಂತ್ರ ಇನ್ನೂ ಚಾಲನೆಯಲ್ಲಿರುವಾಗಲೇ ಅಕ್ಷರವಿನ್ಯಾಸಗಳನ್ನು ಜೊತೆಯಲ್ಲಿ ತೆಗೆದಿರಿಸಿಕೊಂಡು, ಪರಿವರ್ತಕಗಳ ನೆರವಿನಿಂದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಬದಲಾದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು, ಮೂಲವನ್ನೂ ಉಳಿಸಿಕೊಳ್ಳಬೇಕು.

ಹಳೆಯದರ ಗತಿ

ಹೊಸ ಡಿಸ್ಕ್ ಚಾಲೂ ಆಯಿತೆಂದು ಹಳೆಯದನ್ನು ಆ ದಿನವೇ ಅಳಿಸಬಾರದು. ಒಂದೆರಡು ತಿಂಗಳು ಅದು ಹಾಗೆಯೇ ಇರಲಿ. ಆ ಅವಧಿಯಲ್ಲಿ ಚಿತ್ರಗಳು ತೆರೆಯುವುವೇ, ಲೆಕ್ಕದ ಮೊತ್ತ ತಾಳೆಯಾಗುವುದೇ, ಧ್ವನಿಮುದ್ರಣ ಕೊನೆಯವರೆಗೆ ಕೇಳಿಸುವುದೇ ಎಂದು ಪರೀಕ್ಷಿಸಬೇಕು. ಆಮೇಲೆ ಮುಖ್ಯ ಕಡತಗಳ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಬೀರುವಿನಲ್ಲಿ, ಒಂದು ಬೇರೆ ಊರಿನ ನಂಟರ ಮನೆಯಲ್ಲಿ ಇರುವಂತೆ ಏರ್ಪಡಿಸಿದರೆ ನಿಶ್ಚಿಂತೆ. ಹಳೆಯ ಡಿಸ್ಕನ್ನು ಮಾರುವುದೇ ಆದರೆ, ಕೇವಲ ‘ಡಿಲೀಟ್’ ಒತ್ತಿದರೆ ಬರಹ ನಿಜವಾಗಿ ಅಳಿಯುವುದಿಲ್ಲವೆಂಬುದನ್ನು ಮರೆಯಬಾರದು. ಪೂರ್ಣವಾಗಿ ಒರೆಸುವ ತಂತ್ರಾಂಶವನ್ನು ಬಳಸಿಯೇ ಕೈಬಿಡಬೇಕು.

ಬಂಡೆಯ ಮೇಲೆ ಬರೆಯಿಸುವ ವೈಭವ ಚಕ್ರವರ್ತಿಗೆ ಸಲ್ಲುತ್ತದೆ. ಪ್ರತಿಗಳನ್ನು ಮಾಡಿಡುವ ಎಚ್ಚರಕ್ಕೆ ಸಿಂಹಾಸನ ಬೇಕಾಗಿಲ್ಲ; ಒಂದು ಬಿಡುವಿನ ಭಾನುವಾರ ಸಾಕು.